ರೂಪಾಂತರವೀರರು: ಮೂಡಣ ದೇಶಗಳ ಚಲಚ್ಚಿತ್ರಗಳೂ ದುರ್ಗದ ಓಬವ್ವನೂ

ಜಪಾನು ದೇಶದ ದೂರದರ್ಶನದಲ್ಲಿ ೧೯೭೧ನೆಯ ಇಸವಿಯ ಏಪ್ರಿಲ್ ೩ರಂದು ‘ಕಾಮೆನ್ ರೈಡರ್’ ಎಂಬ ಕಥಾಮಾಲೆಯು ಆರಂಭವಾಯಿತು. ಮುಖವಾಡದ ಸವಾರನೆಂಬುದು ಆ ಹೆಸರಿನ ಅರ್ಥ. ಮರುವರ್ಷದ ಡಿಸೆಂಬರ್ ತಿಂಗಳ ಕೊನೆಯಲ್ಲಿ, ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಚಿತ್ರಿತವಾದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಕನ್ನಡ ಪ್ರೇಕ್ಷಕರ ಮುಂದೆ ಬಂದಿತು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಈ ಎರಡು ಕೃತಿಗಳನ್ನು ಜೊತೆಯಾಗಿ ಹೆಸರಿಸುವುದು ವಿಚಿತ್ರವೆನಿಸಬಹುದು. ಆದರೂ ಎರಡರ ಒಡಲಿನಲ್ಲಿಯೂ ಒಂದೇ ಪ್ರಶ್ನೆಯು ಅಡಗಿದೆ. ತನ್ನ ಅಳವಿಗೆ ಮೀರಿದ ಆಪತ್ತು ಎದುರಾದಾಗ ಸಾಮಾನ್ಯ ಮನುಷ್ಯನು ಬೇರೊಬ್ಬನಾಗುವುದು ಹೇಗೆ? ಹಾಗೆ ಆದಮೇಲೆ ಅವನ ಗತಿಯೇನು?

ರೂಪ ಬದಲಿಸುವ ವೀರರ ಈ ಕಥೆಗಳನ್ನು ಕುರಿತು ಸುಶಿಕ್ಷಿತ ಕುಟುಂಬಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಇವು ಕೇವಲ ಹುಡುಗಾಟದ ಸರಕು, ವಿಮರ್ಶೆಗೆ ಯೋಗ್ಯವಲ್ಲವೆಂಬುದು ಒಂದು. ಇವೆಲ್ಲವೂ ನಮ್ಮ ಪುರಾಣಗಳಲ್ಲಿ ಮೊದಲೇ ಇದ್ದವು, ಹೊರಗಿನವರು ಎತ್ತಿಕೊಂಡರೆಂಬುದು ಇನ್ನೊಂದು. ಮೊದಲನೆಯದು ತಾತ್ಸಾರದ ಮಾತು, ಎರಡನೆಯದು ಅಭಿಮಾನದ ಮಾತು. ಕೃತಿಯನ್ನು ಕಣ್ಣಿಟ್ಟು ನೋಡುವ ಶ್ರಮವನ್ನು ಎರಡೂ ಸಮನಾಗಿಯೇ ತಪ್ಪಿಸುತ್ತವೆ. ಅತ್ತ ಮನೆಯ ಮಕ್ಕಳು ಜಪಾನಿನ ವೀರರ ಹೆಸರುಗಳನ್ನು ಬಾಯಿಪಾಠವಾಗಿ ಬಲ್ಲರು. ತಮ್ಮ ಊರ ಬಯಲಾಟದ ಒಂದು ಪ್ರಸಂಗದ ಹೆಸರನ್ನು ಕೇಳಿದರೆ ಸುಮ್ಮನಾಗುತ್ತಾರೆ. ಆದಕಾರಣ ಈ ಕಥೆಗಳ ಮೂಲವು ಯಾವುದು, ಆಕರ್ಷಣೆಯು ಯಾವುದು, ಅದೇ ಆಕರ್ಷಣೆಯನ್ನು ನಮ್ಮ ರಂಗವೂ ಚಿತ್ರಗಳೂ ಹೇಗೆ ನಡೆಸಿಕೊಂಡು ಬಂದಿವೆ ಎಂಬ ವಿಚಾರವು ಅಪ್ರಸ್ತುತವಾಗಲಾರದು.

ಜಪಾನಿನ ರೂಪಾಂತರವೀರನ ತವರು ಅಲ್ಲಿನ ಕಬುಕಿ ರಂಗಭೂಮಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೊದಲನೆಯ ಇಚಿಕಾವಾ ದಾಂಜೂರೋ ಎಂಬ ನಟನು ಉದ್ಧತವಾದ ಒಂದು ಅಭಿನಯಪದ್ಧತಿಯನ್ನು ರೂಢಿಗೆ ತಂದನು. ಮುಖದ ಮೇಲೆ ಕೆಂಪು ಕಪ್ಪು ರೇಖೆಗಳು, ಮೈಯನ್ನು ಇಮ್ಮಡಿಯಾಗಿಸುವ ಉಡುಪು, ಕಥೆಯ ಬಿಕ್ಕಟ್ಟಿನಲ್ಲಿ ಕಣ್ಣು ಹೊರಳಿಸಿ ಕಲ್ಲಿನಂತೆ ನಿಲ್ಲುವ ಭಂಗಿ, ಇವು ಅದರ ಲಕ್ಷಣಗಳು. ‘ಶಿಬರಾಕು’ ಎಂಬ ಪ್ರಸಂಗದಲ್ಲಿ ನಿರಪರಾಧಿಗಳ ತಲೆಯ ಮೇಲೆ ಕತ್ತಿಯೆತ್ತಿದ ಕ್ಷಣಕ್ಕೆ ಸರಿಯಾಗಿ ವೀರನು ತಡೆಯಿರೆಂದು ಕೂಗುತ್ತ ಪ್ರೇಕ್ಷಕರ ನಡುವಿನ ದಾರಿಯಿಂದ ಬರುತ್ತಾನೆ. ೧೮೬೨ರಲ್ಲಿ ಕವತಾಕೆ ಮೊಕುಆಮಿಯು ಬರೆದ ನಾಟಕವೊಂದರಲ್ಲಿ ಐವರು ಕಳ್ಳರು ನದಿಯ ದಂಡೆಯಲ್ಲಿ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ತಮ್ಮ ಹೆಸರನ್ನೂ ಚರಿತ್ರೆಯನ್ನೂ ಸಾರುತ್ತಾರೆ. ೧೯೭೫ರಲ್ಲಿ ಮೊದಲಾದ ‘ಗೋರೆಂಜರ್’ ಕಥಾಮಾಲೆಯ ಐದು ಬಣ್ಣದ ಐವರು ವೀರರು ಹೋರಾಟಕ್ಕೆ ಮುಂಚೆ ಹೆಸರು ಸಾರಿ ನಿಲ್ಲುವ ಪದ್ಧತಿಯು ಇದರದೇ ಸಂತತಿ.

ರಂಗದಿಂದ ತೆರೆಗೆ ಬರುವ ದಾರಿಯಲ್ಲಿ ಬೀದಿಯ ಕಲೆಯೊಂದಿದೆ. ಕಾಗದದ ಚಿತ್ರಗಳನ್ನು ಮರದ ಚೌಕಟ್ಟಿನಲ್ಲಿ ಒಂದೊಂದಾಗಿ ಸರಿಸುತ್ತ ಕಥೆ ಹೇಳಿ, ಮಕ್ಕಳಿಗೆ ಮಿಠಾಯಿ ಮಾರಿ ಜೀವಿಸುತ್ತಿದ್ದವರ ಆಟಕ್ಕೆ ಕಾಮಿಶಿಬಾಯಿ ಎಂದು ಹೆಸರು. ತೊಗಲುಗೊಂಬೆಗಳ ಪೆಟ್ಟಿಗೆಯನ್ನು ಹೊತ್ತು ನಮ್ಮ ಬಯಲುಸೀಮೆಯ ಹಳ್ಳಿಗಳನ್ನು ಸುತ್ತುತ್ತಿದ್ದ ಕಿಳ್ಳೇಕ್ಯಾತರನ್ನು ನೆನೆದರೆ ಆ ವೃತ್ತಿಯ ಸ್ವರೂಪವು ಸುಲಭವಾಗಿ ತಿಳಿಯುತ್ತದೆ. ೧೯೩೦ರ ಸುಮಾರಿನಲ್ಲಿ ಈ ಬೀದಿಯ ಕಥೆಗಾರರ ಕೈಯಲ್ಲಿ ಹುಟ್ಟಿದ ‘ಓಗೊನ್ ಬ್ಯಾಟ್’, ಎಂದರೆ ಚಿನ್ನದ ಬಾವಲಿ, ತಲೆಬುರುಡೆಯ ಮುಖವೂ ಕೆಂಪು ಮೇಲುವಸ್ತ್ರವೂ ಉಳ್ಳ ವೀರನು. ೧೯೩೮ರಲ್ಲಿ ಅಮೆರಿಕದ ಸೂಪರ್‌ಮ್ಯಾನ್ ಅಚ್ಚಾಗುವುದಕ್ಕೆ ಮುನ್ನವೇ ಅವನು ಜಪಾನಿನ ಬೀದಿಗಳಲ್ಲಿದ್ದನೆಂಬುದು ಗಮನಾರ್ಹ. ಯುದ್ಧವು ಮುಗಿದು ಚಿತ್ರೋದ್ಯಮವು ಚೇತರಿಸಿಕೊಂಡ ಮೇಲೆ ೧೯೫೭ರಲ್ಲಿ ‘ಸೂಪರ್ ಜೈಂಟ್’ ಚಿತ್ರಗಳೂ, ೧೯೫೮ರಲ್ಲಿ ದೂರದರ್ಶನದಲ್ಲಿ ‘ಗೆಕ್ಕೋ ಕಾಮೆನ್’ ಎಂಬ ಬೆಳುದಿಂಗಳ ಮುಖವಾಡದವನೂ ಬಂದರು. ಈ ಎರಡನೆಯವನ ಹೆಸರಿಗೆ ಆಧಾರವಾದದ್ದು ಭೈಷಜ್ಯಗುರು ಬುದ್ಧನ ಪರಿವಾರದ ಬೋಧಿಸತ್ತ್ವನಾದ ಚಂದ್ರಪ್ರಭ. ಸಂಸ್ಕೃತದ ಒಂದು ನಾಮವು ಬೌದ್ಧಧರ್ಮದೊಡನೆ ಕಡಲು ದಾಟಿ ಮಕ್ಕಳ ವೀರನೊಬ್ಬನ ಹೆಸರಾದ ಬಗೆಯಿದು. ಇದರಿಂದ ಆ ಕಥೆಯೇ ನಮ್ಮದೆಂದು ಹೇಳಿಕೊಳ್ಳುವುದು ಸಲ್ಲದು. ಬೀಜವೊಂದು ಬೇರೆ ನೆಲದಲ್ಲಿ ಬೇರೆ ಮರವಾಯಿತೆನ್ನುವುದು ಸಲ್ಲುತ್ತದೆ.

ಮುಂದಿನ ಎರಡು ಹೆಜ್ಜೆಗಳೇ ನಿರ್ಣಾಯಕವಾದವು. ‘ಗಾಡ್ಜಿಲಾ’ ಚಿತ್ರದ ಚಮತ್ಕಾರಗಳಿಂದ ೧೯೫೪ರಲ್ಲಿಯೇ ಹೆಸರಾಗಿದ್ದ ತ್ಸುಬುರಾಯಾ ಏಜಿಯ ಸಂಸ್ಥೆಯು ೧೯೬೬ರಲ್ಲಿ ‘ಅಲ್ಟ್ರಾಮನ್’ ಎಂಬ ೩೯ ಕಂತುಗಳ ಕಥಾಮಾಲೆಯನ್ನು ಹೊರತಂದಿತು. ಅಂತರಿಕ್ಷದಿಂದ ಬಂದ ದೈತ್ಯಪುರುಷನ ಗೋಳವು ಹಯಾತಾ ಎಂಬ ಯುವಕನ ವಿಮಾನಕ್ಕೆ ತಾಗಿ ಅವನು ಮಡಿಯುತ್ತಾನೆ. ತನ್ನಿಂದಾದ ಈ ಸಾವಿಗೆ ಪ್ರತಿಯಾಗಿ ಆ ದೈತ್ಯನು ತನ್ನ ಜೀವವನ್ನೇ ಅವನೊಡನೆ ಹಂಚಿಕೊಳ್ಳುತ್ತಾನೆ. ಆಪತ್ತಿನಲ್ಲಿ ಹಯಾತಾ ಬೃಹದ್ರೂಪ ತಾಳುತ್ತಾನೆ. ಆದರೆ ಭೂಮಿಯ ಮೇಲೆ ಆ ರೂಪಕ್ಕೆ ಅಲ್ಪಕಾಲದ ಆಯುಸ್ಸು ಮಾತ್ರ, ಎದೆಯ ದೀಪವು ಕೆಂಪಗೆ ಮಿನುಗತೊಡಗಿದರೆ ಅವಧಿಯು ಮುಗಿಯಿತೆಂದು ಅರ್ಥ. ‘ಕಾಮೆನ್ ರೈಡರ್’ ಇದಕ್ಕಿಂತ ಕಠೋರ. ಚಿತ್ರಕಥೆಗಾರ ಇಶಿನೋಮೊರಿ ಶೋತಾರೋ ಕಲ್ಪಿಸಿದ ಹೊಂಗೋ ತಾಕೇಶಿಯನ್ನು ದುಷ್ಟಸಂಘವೊಂದು ಅಪಹರಿಸಿ, ಶಸ್ತ್ರಕ್ರಿಯೆಯಿಂದ ಮಿಡತೆಯ ಶಕ್ತಿಯುಳ್ಳ ಕೃತಕ ಮನುಷ್ಯನನ್ನಾಗಿ ಮಾಡುತ್ತದೆ. ಅವನ ಬುದ್ಧಿಯನ್ನೂ ವಶಪಡಿಸಿಕೊಳ್ಳುವ ಮೊದಲೇ ಅವನು ತಪ್ಪಿಸಿಕೊಳ್ಳುತ್ತಾನೆ. ಅವನ ಬಲವೆಲ್ಲವೂ ಶತ್ರುವಿತ್ತ ಗಾಯ. ಮೊದಲಿನ ಮೈ ಅವನಿಗೆ ಮತ್ತೆ ದೊರೆಯದು.

ಈ ಕಥಾಮಾಲೆಯ ಒಂದು ಆಕಸ್ಮಿಕವು ವಿಮರ್ಶಕರಿಗೆ ಬೋಧಪ್ರದವಾಗಿದೆ. ಮೊದಲ ಕಂತುಗಳಲ್ಲಿ ವೀರನು ಮೋಟಾರು ಸೈಕಲ್ಲಿನ ವೇಗದಿಂದ ಸೊಂಟಪಟ್ಟಿಯ ಚಕ್ರಕ್ಕೆ ಗಾಳಿ ತುಂಬಿ ರೂಪ ಬದಲಿಸುತ್ತಿದ್ದನು. ಚಿತ್ರೀಕರಣದಲ್ಲಿ ನಾಯಕನಟನಾದ ಫುಜಿಓಕಾ ಹಿರೋಶಿಯು ಅಪಘಾತಕ್ಕೀಡಾಗಿ ಕಾಲು ಮುರಿದುಕೊಳ್ಳಲು, ಎರಡನೆಯ ಸವಾರನೊಬ್ಬನನ್ನು ಕಥೆಯೊಳಕ್ಕೆ ತರಬೇಕಾಯಿತು. ಅವನೊಡನೆ ನಿಂತಲ್ಲಿಯೇ ಕೈ ಬೀಸಿ ‘ಹೆನ್‌ಶಿನ್’, ಎಂದರೆ ರೂಪಾಂತರ, ಎಂದು ಕೂಗುವ ಭಂಗಿಯು ಬಂದಿತು. ಜಪಾನಿನ ಮಕ್ಕಳೆಲ್ಲರೂ ಅಂಗಳದಲ್ಲಿ ಅನುಕರಿಸಿದ್ದು ಈ ಭಂಗಿಯನ್ನು. ಯಂತ್ರದ ನೆರವು ಬೇಡದ, ಬರಿಯ ಮೈಯಿಂದಲೂ ಕಂಠದಿಂದಲೂ ಆಗುವ ರೂಪಾಂತರವು ಎಲ್ಲರ ಕೈಗೂ ಎಟುಕಿತು. ಕಬುಕಿಯ ನಟನು ಎಂದೋ ಕಂಡುಕೊಂಡಿದ್ದನ್ನು ದೂರದರ್ಶನವು ಒಂದು ಅಪಘಾತದಿಂದ ಮರಳಿ ಪಡೆಯಿತು.

ಚೀನಾ ದೇಶದ ಕವಲು ಬೇರೆ. ಹದಿನಾರನೆಯ ಶತಮಾನದ ಕಾದಂಬರಿಯಾದ ‘ಪಶ್ಚಿಮಯಾತ್ರೆ’ಯ ಕಪಿವೀರ ಸುನ್ ವುಕೊಂಗನು ಎಪ್ಪತ್ತೆರಡು ರೂಪಗಳನ್ನು ತಾಳಬಲ್ಲವನು. ನಮ್ಮ ಹನುಮಂತನೊಡನೆ ಅವನಿಗಿರುವ ನಂಟು ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಚೀನಾದ ಮೊದಲ ಪೂರ್ಣಪ್ರಮಾಣದ ಚಲಿಸುವ ರೇಖಾಚಿತ್ರವಾದ ೧೯೪೧ರ ‘ಕಬ್ಬಿಣದ ಬೀಸಣಿಗೆಯ ರಾಜಕುಮಾರಿ’ಯಲ್ಲಿಯೂ ಅವನೇ ಕಾಣಿಸಿಕೊಂಡನು. ೧೯೭೫ರಲ್ಲಿ ಹಾಂಗ್‌ಕಾಂಗಿನ ಷಾ ಸಹೋದರರ ಸಂಸ್ಥೆಯು ಜಪಾನಿನ ಮಾದರಿಯನ್ನು ನೇರವಾಗಿ ಅನುಸರಿಸಿ ‘ಇನ್‌ಫ್ರಾಮ್ಯಾನ್’ ಚಿತ್ರವನ್ನು ತೆಗೆಯಿತು. ಅದರಲ್ಲಿ ಬಣ್ಣಕ್ಕೂ ಹೊಡೆದಾಟಕ್ಕೂ ಕೊರತೆಯಿಲ್ಲ. ಆದರೆ ವೀರನು ತಾನೇ ಒಪ್ಪಿ ವಿಜ್ಞಾನಿಯಿಂದ ಶಕ್ತಿಯನ್ನು ಪಡೆಯುತ್ತಾನೆ, ಅದಕ್ಕಾಗಿ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಚಿತ್ರವು ಕಣ್ಣಿಗೆ ಹಬ್ಬವಾಗಿ ಮನಸ್ಸಿನಲ್ಲಿ ನಿಲ್ಲದಿರುವುದಕ್ಕೆ ಇದೇ ಕಾರಣ.

ಇನ್ನು ದುರ್ಗದ ಸೀಮೆಯ ಕಡೆಗೆ ತಿರುಗಿದರೆ, ರೂಪಾಂತರವು ಇಲ್ಲಿ ಹೊಸ ಮಾತಲ್ಲವೆಂಬುದು ಬೆಟ್ಟದ ಮೇಲೆಯೇ ಕಾಣುತ್ತದೆ. ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿಯಿದೆ. ಭೀಮನು ಹಿಡಿಂಬನನ್ನು ಕೊಂದ ಸ್ಥಳವು ಇದೇ ಎಂದು ಜನರ ನಂಬಿಕೆ. ಆ ಹಿಡಿಂಬನ ತಂಗಿಯಾದ ಹಿಡಿಂಬೆಯು ಮಹಾಭಾರತದ ಕಾಮರೂಪಿಗಳಲ್ಲಿ ಒಬ್ಬಳು. ತಿನ್ನಲು ಬಂದವಳು ಭೀಮನನ್ನು ಕಂಡು ಒಲಿದು, ರಕ್ಕಸಿಯ ರೂಪವನ್ನು ಬಿಟ್ಟು ಸುಂದರಿಯಾದಳು; ಆ ಒಲವಿಗಾಗಿ ಅಣ್ಣನನ್ನು ಕಳೆದುಕೊಂಡಳು. ಇನ್ನು ವೀರಗಾಸೆಯವರು ಕುಣಿಯುವ ವೀರಭದ್ರನು ಶಿವನ ಕೋಪವೇ ಜಟೆಯಿಂದ ಮೈತಾಳಿ ಬಂದವನು. ಕುಣಿತದ ನಡುವೆ ಕತ್ತಿ ಹಿಡಿದು ಹೇಳುವ ಒಡಪುಗಳು ಅವನ ಹೆಸರನ್ನೂ ಪರಾಕ್ರಮವನ್ನೂ ಸಾರುತ್ತವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಗೆ ಪರಿಚಿತವಾದ ಮೂಡಲಪಾಯದ ಆಟದಲ್ಲಿ ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಕಟ್ಟಿದ ವೇಷಧಾರಿಯು ಆರ್ಭಟಿಸುತ್ತ ರಂಗಕ್ಕೆ ಬಂದೊಡನೆ, ಅವನು ಯಾರು, ಯಾವ ಊರು, ಬಂದ ಕಾರಣವೇನೆಂದು ವಿಚಾರಿಸುವ ಪಾತ್ರವೊಂದು ಇದ್ದೇ ಇರುತ್ತದೆ. ಉತ್ತರವಾಗಿ ವೇಷವು ತನ್ನ ಬಿರುದುಬಾವಲಿಗಳನ್ನು ಹೇಳಿಕೊಳ್ಳುತ್ತದೆ. ಮೊಕುಆಮಿಯ ಕಳ್ಳರೂ ಗೋರೆಂಜರರೂ ಮಾಡುವುದು ಇದನ್ನೇ. ಇವರು ಅವರಿಂದಾಗಲಿ ಅವರು ಇವರಿಂದಾಗಲಿ ಕಲಿಯಲಿಲ್ಲ. ಮುಖವಾಡದ ರಂಗವು ಎಲ್ಲಿದ್ದರೂ ಈ ಪ್ರಶ್ನೋತ್ತರವನ್ನು ಬೇಡುತ್ತದೆ. ಏಕೆಂದರೆ ರೂಪ ಬದಲಿಸಿದವನು ಹೆಸರನ್ನು ಹೇಳಿಕೊಂಡ ಮೇಲೆಯೇ ಆ ರೂಪಕ್ಕೆ ಹೊಣೆಗಾರನಾಗುತ್ತಾನೆ.

ಈ ಆಕರ್ಷಣೆಯ ಸ್ವರೂಪವನ್ನು ವಿವರಿಸಲು ನಮ್ಮ ಅಲಂಕಾರಶಾಸ್ತ್ರವೇ ಸಾಕು. ವೀರರಸಕ್ಕೆ ಉತ್ಸಾಹವೂ ಅದ್ಭುತರಸಕ್ಕೆ ವಿಸ್ಮಯವೂ ಸ್ಥಾಯಿಭಾವಗಳು; ವೀರದಿಂದ ಅದ್ಭುತವು ಹುಟ್ಟುವುದೆಂದು ಭರತನ ಮತ. ರೂಪಾಂತರದ ಕ್ಷಣವೆಂದರೆ ಈ ಎರಡು ರಸಗಳ ಸಂಧಿ. ಉತ್ಸಾಹವು ಮೊದಲು ಮನಸ್ಸಿನಲ್ಲಿ ಏಳುತ್ತದೆ, ಬಳಿಕ ಮೈ ಅದನ್ನು ಅನುಸರಿಸುತ್ತದೆ. ನೋಡುವವನಿಗೆ ಒಳಗಿನದು ಹೊರಗೆ ಕಂಡ ಸಂತೋಷವಾಗುತ್ತದೆ. ಇದರೊಡನೆ ಇನ್ನೊಂದು ಸುಖವೂ ಉಂಟು. ಮುಖವಾಡದ ಒಳಗಿರುವವನು ಯಾರೆಂದು ಕಥೆಯ ಇತರ ಪಾತ್ರಗಳಿಗೆ ತಿಳಿಯದು, ಪ್ರೇಕ್ಷಕನಿಗೆ ತಿಳಿದಿರುತ್ತದೆ. ಬಯಲಾಟದ ರಾತ್ರಿ ಭೀಮನಾಗಿ ಗರ್ಜಿಸುವವನು ಬೆಳಗಾದರೆ ನೇಗಿಲು ಹಿಡಿಯುವ ನೆರೆಮನೆಯವನೆಂದು ಊರಿನ ಮಕ್ಕಳೆಲ್ಲ ಬಲ್ಲರು, ಬಲ್ಲರೆಂದೇ ಬೆರಗಾಗುತ್ತಾರೆ. ತಮ್ಮವನೊಬ್ಬನಿಗೆ ಸಾಧ್ಯವಾದ ಹಿರಿಮೆಯು ತಮಗೂ ಸಾಧ್ಯವಾದೀತೆಂಬ ಆಸೆಯು ಆ ಬೆರಗಿನಲ್ಲಿ ಬೆರೆತಿರುತ್ತದೆ.

ಆದರೆ ಬೆರಗು ಮಾತ್ರವೇ ಕೃತಿಯನ್ನು ಉಳಿಸಲಾರದು. ಉಳಿದುಬಂದ ರೂಪಾಂತರಕಥೆಗಳಲ್ಲೆಲ್ಲ ಶಕ್ತಿಗೆ ಒಂದು ಬೆಲೆ ಇರುತ್ತದೆ. ಅಲ್ಟ್ರಾಮನ್ನನಿಗೆ ಕಾಲದ ಮಿತಿ, ಸವಾರನಿಗೆ ಕಳೆದುಹೋದ ಮೈ, ಹಿಡಿಂಬೆಗೆ ಒಡಹುಟ್ಟಿದವನ ಸಾವು. ಜಪಾನಿನಲ್ಲಿ ೨೦೨೨ರಲ್ಲಿ ‘ಶಿನ್ ಅಲ್ಟ್ರಾಮನ್’, ೨೦೨೩ರಲ್ಲಿ ‘ಶಿನ್ ಕಾಮೆನ್ ರೈಡರ್’ ಎಂದು ಈ ಕಥೆಗಳನ್ನೇ ಮತ್ತೆ ತೆರೆಗೆ ತಂದುದು ಹಳೆಯ ಆಟಿಕೆಯ ಮೋಹದಿಂದ ಮಾತ್ರವಲ್ಲ. ಆ ಬೆಲೆಯ ಲೆಕ್ಕವು ಇನ್ನೂ ಮುಗಿದಿಲ್ಲವೆಂಬುದರಿಂದ. ಕನ್ನಡ ಚಿತ್ರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು. ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿ ಬೇಡನು ಭಕ್ತನಾಗಿ ಮಾರ್ಪಡುವುದು ಕಣ್ಣನ್ನು ಕಿತ್ತು ಕೊಡುವ ಬೆಲೆಗೆ. ರಾಜಕುಮಾರರು ಆ ಒಂದು ಪಾತ್ರದಿಂದಲೇ ನಾಡಿನ ಮನೆಮಾತಾದದ್ದು ಆಶ್ಚರ್ಯವಲ್ಲ.

ಇತ್ತೀಚಿನ ಕನ್ನಡ ಚಿತ್ರಗಳಲ್ಲಿ ಈ ವರ್ಗಕ್ಕೆ ಅತ್ಯಂತ ಸಮೀಪವಾದದ್ದು ರಿಷಬ್ ಶೆಟ್ಟಿಯವರ ೨೦೨೨ರ ‘ಕಾಂತಾರ’. ಕರಾವಳಿಯ ದೈವಾರಾಧನೆಯನ್ನು ಆಧರಿಸಿದ ಈ ಕಥೆಯಲ್ಲಿ ನಾಯಕನಾದ ಶಿವನು ಹೊಡೆತ ತಿಂದು ಸಾವಿನ ಅಂಚಿಗೆ ಬಿದ್ದಾಗ ಗುಳಿಗ ದೈವವು ಅವನ ಮೈದುಂಬುತ್ತದೆ. ಜಪಾನಿನ ಸವಾರನು ರೂಪಾಂತರವನ್ನು ತಾನೇ ಕೂಗಿ ಕರೆಯುತ್ತಾನೆ. ಇಲ್ಲಿ ದೈವವು ಕರೆಯದೆ ಇಳಿಯುತ್ತದೆ. ಆದ್ದರಿಂದ ಶಿವನು ಸವಾರನಿಗಿಂತ ಅಲ್ಟ್ರಾಮನ್ನನ ಹಯಾತಾನಿಗೆ ಹತ್ತಿರದ ಬಂಧು. ಆ ಅಂತ್ಯಭಾಗದ ಅಭಿನಯವು ಮಹತ್ತರವಾದುದೆಂಬುದರಲ್ಲಿ ಸಂದೇಹವಿಲ್ಲ. ಕೊನೆಗೆ ಅವನು ಕಾಡಿನಲ್ಲಿ ಕಣ್ಮರೆಯಾಗುವುದರಿಂದ ಬೆಲೆಯ ನಿಯಮವೂ ಪಾಲಿತವಾಗಿದೆ. ಆದರೆ ಅಲ್ಲಿಯವರೆಗೆ ಚಿತ್ರವು ಎತ್ತಿಕೊಂಡಿದ್ದು ಭೂಮಿಯ ಪ್ರಶ್ನೆಯನ್ನು: ಕಾಡಿನ ಅಂಚಿನ ಜನ, ಧಣಿ, ಅರಣ್ಯ ಇಲಾಖೆ, ಈ ಮೂವರಲ್ಲಿ ನೆಲವು ಯಾರದು? ದೈವವು ಧಣಿಯನ್ನು ಸಂಹರಿಸಿ, ಜನರ ಕೈಯನ್ನೂ ಅಧಿಕಾರಿಯ ಕೈಯನ್ನೂ ಜೋಡಿಸಿದೊಡನೆ ಪ್ರಶ್ನೆಯು ತೀರ್ಮಾನವಾದಂತೆ ತೋರುತ್ತದೆ. ನಿಜವಾಗಿ ಅದು ಅದ್ಭುತರಸದಲ್ಲಿ ಮುಳುಗಿಹೋಗಿದೆ. ಅದ್ಭುತವು ಮನುಷ್ಯರ ವ್ಯವಹಾರಕ್ಕೆ ತೀರ್ಪುಗಾರನಾದಾಗ ವೀರರಸವು ಬಡವಾಗುತ್ತದೆಂಬುದಕ್ಕೆ ಇದು ನಿದರ್ಶನ.

ಈಗ ‘ನಾಗರಹಾವು’. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿಂದ ಕಟ್ಟಿದ ಈ ಚಿತ್ರದ ಹೆಸರನ್ನು ಮಾತ್ರ ಕೇಳಿದವರು ಹಾವಾಗಿ ಮಾರ್ಪಡುವ ನಾಯಕನನ್ನು ನಿರೀಕ್ಷಿಸಿಯಾರು. ಅಂತಹ ಯಾವ ಚಮತ್ಕಾರವೂ ಇಲ್ಲಿಲ್ಲ. ವಿಷ್ಣುವರ್ಧನರು ಅಭಿನಯಿಸಿದ ರಾಮಾಚಾರಿಯಲ್ಲಿ ಹೆಡೆಯೆತ್ತುವುದು ಕೋಪ ಮಾತ್ರ. ಅವನಿಗೆ ಬಲವುಂಟು, ಮಾನವುಂಟು, ಗುರುವಾದ ಚಾಮಯ್ಯ ಮೇಷ್ಟರಲ್ಲಿ ಭಕ್ತಿಯುಂಟು. ಆ ಬಲವು ತಾಳಬೇಕಾದ ರೂಪವೊಂದು ಅವನಿಗೆ ದೊರೆಯಲಿಲ್ಲ. ಮೇಷ್ಟರ ಮಾತಿಗೆ ಒಲಿದ ಹುಡುಗಿಯನ್ನು ಬಿಟ್ಟುಕೊಡುತ್ತಾನೆ. ಕಡೆಯಲ್ಲಿ ಅದೇ ಗುರುವಿನ ಸಾವಿಗೆ ಕಾರಣನಾಗಿ, ಮಾರ್ಗರೆಟ್ಟಳೊಡನೆ ತಾನೂ ಬೆಟ್ಟದಿಂದ ಬೀಳುತ್ತಾನೆ. ವೇಷ ದೊರೆಯದ ವೀರನ ದುರಂತವಿದು. ಮುಖವಾಡದ ವೀರರ ಕಥೆಗಳು ಏಕೆ ಬೇಕಾದುವೆಂಬುದನ್ನು ಮುಖವಾಡವಿಲ್ಲದ ಈ ಕಥೆಯು ಮತ್ತೊಂದು ದಿಕ್ಕಿನಿಂದ ತೋರಿಸುತ್ತದೆ.

ಅದೇ ಚಿತ್ರದೊಳಗೆ, ಒಂದು ಹಾಡಿನ ಅವಧಿಯಲ್ಲಿ, ಜಯಂತಿಯವರು ಅಭಿನಯಿಸಿದ ಓಬವ್ವನ ಪ್ರಸಂಗವಿದೆ. ರಾಮಾಚಾರಿಗೆ ದೊರೆಯದ್ದು ಅವಳಿಗೆ ದೊರೆಯಿತು. ಚಿತ್ರದ ಎರಡು ತುದಿಗಳನ್ನು ಹೀಗೆ ಎದುರುಬದುರಾಗಿ ಇಟ್ಟು ನೋಡಿದವರು ವಿರಳ. ಕೊನೆಯ ಮದಕರಿನಾಯಕನ ಕಾಲದಲ್ಲಿ ಹೈದರಾಲಿಯ ಸೇನೆಯು ಕೋಟೆಯನ್ನು ಮುತ್ತಿತ್ತು. ಕಾವಲಿನವನಾದ ಗಂಡನು ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದ ಓಬವ್ವನು, ಬಂಡೆಯ ಕಿಂಡಿಯಿಂದ ಶತ್ರುಗಳು ನುಸುಳುತ್ತಿರುವುದನ್ನು ಕಂಡಳು. ಕೈಗೆ ಬಂದ ಒನಕೆಯಿಂದ ಒಬ್ಬೊಬ್ಬನನ್ನೇ ಬಡಿದು ಕೆಡಹಿದಳೆಂದೂ, ಆ ದಿನವೇ ತಾನೂ ಮಡಿದಳೆಂದೂ ದುರ್ಗದ ಜನ ಹೇಳಿಕೊಂಡು ಬಂದಿದ್ದಾರೆ. ಕೋಟೆಯು ೧೭೭೯ರಲ್ಲಿ ಹೈದರನ ವಶವಾಯಿತು. ಕಿಂಡಿಗೆ ಅವಳ ಹೆಸರು ಉಳಿಯಿತು. ನವೆಂಬರ್ ೧೧ನ್ನು ಓಬವ್ವ ಜಯಂತಿಯೆಂದು ಆಚರಿಸುವ ಕ್ರಮವನ್ನು ಕರ್ನಾಟಕ ಸರ್ಕಾರವು ೨೦೨೧ರಿಂದ ಆರಂಭಿಸಿತು.

ರೂಪಾಂತರದ ಅಂಗಗಳನ್ನು ಒಂದೊಂದಾಗಿ ಎಣಿಸಿದರೆ ಈ ಕಥೆಯಲ್ಲಿ ಎಲ್ಲವೂ ಇವೆ. ಆಪತ್ತಿನ ಕ್ಷಣವಿದೆ, ಮನಸ್ಸಿನ ಉತ್ಸಾಹವಿದೆ, ಆಯುಧವಿದೆ, ಬೆಲೆಯಿದೆ. ಇಲ್ಲದಿರುವುದು ವೇಷವೊಂದೇ. ಅಲ್ಟ್ರಾಮನ್ನನ ಶಕ್ತಿಯು ಆಕಾಶದಿಂದ ಬಂದಿತು, ಸವಾರನದು ಶತ್ರುವಿನ ಶಸ್ತ್ರಶಾಲೆಯಿಂದ, ಕಾಂತಾರದ ಶಿವನದು ದೈವದಿಂದ. ಓಬವ್ವನದು ಭತ್ತ ಕುಟ್ಟುತ್ತಿದ್ದ ಮನೆಯ ಮೂಲೆಯಿಂದ. ದಿನವೂ ಎತ್ತಿ ಇಳಿಸಿ ಪಳಗಿದ ತೋಳು, ಅದೇ ಏರಿಳಿತವನ್ನು ಕಿಂಡಿಯ ಬಳಿ ಮುಂದುವರಿಸಿತು. ಹೆಸರನ್ನು ಸಾರುವುದಕ್ಕೂ ಅವಳು ನಿಲ್ಲಲಿಲ್ಲ. ಕೂಗಿದರೆ ಕಿಂಡಿಯ ಆಚೆಯವರು ಎಚ್ಚರಗೊಳ್ಳುತ್ತಿದ್ದರು. ಅವಳ ಬಿರುದನ್ನು ಹೇಳುವ ಕೆಲಸವನ್ನು ಊರು ವಹಿಸಿಕೊಂಡು ಇಂದಿಗೂ ನಡೆಸುತ್ತಿದೆ. ಪುಟ್ಟಣ್ಣನವರು ಆ ಪ್ರಸಂಗವನ್ನು ಮಾತಿನಲ್ಲಿ ಹೇಳಿಸದೆ ಹಾಡಿನಲ್ಲಿ ಹೇಳಿಸಿದ್ದು ಈ ದೃಷ್ಟಿಯಿಂದ ಉಚಿತವಾಗಿದೆ. ಬಯಲಾಟದಲ್ಲಿ ಭಾಗವತನು ಮಾಡುವ ಕೆಲಸವನ್ನು ಅಲ್ಲಿ ಹಾಡು ಮಾಡಿದೆ.

ಇದಕ್ಕೆ ಪ್ರತಿಯಾದ ಉದಾಹರಣೆಯೊಂದನ್ನೂ ಹೇಳಬೇಕು. ೨೦೦೯ರಲ್ಲಿ ವಿಷ್ಣುವರ್ಧನರು ತೀರಿಕೊಂಡರು. ೨೦೧೬ರಲ್ಲಿ ‘ನಾಗರಹಾವು’ ಎಂಬ ಅದೇ ಹೆಸರಿನ ಬೇರೊಂದು ಚಿತ್ರವು ಗಣಕಯಂತ್ರದ ನೆರವಿನಿಂದ ಅವರ ರೂಪವನ್ನು ಮತ್ತೆ ತೆರೆಯ ಮೇಲೆ ತಂದಿತು. ಅಭಿಮಾನಿಗಳಿಗೆ ಇದು ಪ್ರಿಯವಾಗಿರಬಹುದು. ವಿಮರ್ಶೆಯ ದೃಷ್ಟಿಗೆ ಕಾಣುವುದು ಬೇರೆ: ಒಂದು ದೇಹಕ್ಕೆ ಇನ್ನೊಬ್ಬನ ಮುಖವನ್ನು ತೊಡಿಸುವ ಈ ರೂಪಾಂತರದಲ್ಲಿ ನಟನ ಸಂಕಲ್ಪವಿಲ್ಲ, ಉತ್ಸಾಹವಿಲ್ಲ, ಆದ್ದರಿಂದ ಬೆಲೆಯೂ ಇಲ್ಲ. ವಿಸ್ಮಯವು ವೀರದಿಂದ ಹುಟ್ಟದೆ ಯಂತ್ರದಿಂದ ಹುಟ್ಟಿದರೆ ಅದರ ಆಯುಸ್ಸು ಅಲ್ಟ್ರಾಮನ್ನನ ಎದೆಯ ದೀಪಕ್ಕಿಂತಲೂ ಕಡಮೆ.

ಚೀನಾದ ಸಿಚುವಾನ್ ಪ್ರಾಂತದಲ್ಲಿ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಖವಾಡ ಬದಲಿಸುವ ರಂಗವಿದ್ಯೆಯೊಂದಿದೆ. ಆ ವಿದ್ಯೆಯನ್ನು ಬಲ್ಲ ಮುದುಕನೊಬ್ಬನು ಅದನ್ನು ಒಪ್ಪಿಸಲು ಗಂಡುಮಗುವೇ ಬೇಕೆಂದು ಅಲೆಯುವ ಕಥೆಯನ್ನು ವು ತಿಯಾನ್‌ಮಿಂಗ್ ಎಂಬ ನಿರ್ದೇಶಕನು ೧೯೯೦ರ ದಶಕದಲ್ಲಿ ಚಿತ್ರವಾಗಿ ತೆಗೆದನು. ಮುದುಕನು ಗಂಡೆಂದು ತಂದ ಮಗುವು ಹೆಣ್ಣಾಗಿರುತ್ತದೆ. ಕಡೆಗೆ ಅವನ ಪ್ರಾಣವುಳಿಸುವವಳೂ, ವಿದ್ಯೆಗೆ ವಾರಸುದಾರಳಾಗುವವಳೂ ಅವಳೇ. ದುರ್ಗದ ಸೀಮೆಗೆ ಈ ಚಿತ್ರದ ಪ್ರಶ್ನೆಯು ಹೊರಗಿನದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರವು ೧೯೯೭ರಿಂದ ನಾಟಕಗಳನ್ನು ಊರೂರಿಗೆ ಒಯ್ದು, ಹಳ್ಳಿಯ ಪ್ರೇಕ್ಷಕರು ಒಳ್ಳೆಯ ಆಟಕ್ಕೆ ಇನ್ನೂ ಸೇರುತ್ತಾರೆಂಬುದನ್ನು ತೋರಿಸಿಕೊಟ್ಟಿದೆ. ಮೂಡಲಪಾಯದ ಪ್ರಸಂಗಗಳೂ ವೀರಗಾಸೆಯ ಒಡಪುಗಳೂ ಬಲ್ಲವರ ನಾಲಗೆಯ ಮೇಲೆ ಇರುವಾಗಲೇ ಬರಹಕ್ಕೆ ಇಳಿಯಬೇಕು, ಗಂಡುಹೆಣ್ಣೆಂಬ ಭೇದವಿಲ್ಲದೆ ಕಲಿಯುವವರಿಗೆ ದೊರೆಯಬೇಕು. ಜಪಾನಿನ ಸವಾರನನ್ನು ಮೆಚ್ಚಿದ ಮಗುವನ್ನು ಗದರಿಸಿ ಆಟದ ಬಯಲಿಗೆ ಕರೆತರಲಾಗದು. ಆ ಮಗು ಮೆಚ್ಚಿದ್ದು ರೂಪ ಬದಲಿಸುವ ಧೈರ್ಯವನ್ನು. ಅದರ ಬೆಲೆಯನ್ನು ತಿಳಿಸುವ ಕಥೆಯು ಅದರ ಊರಿನ ಬೆಟ್ಟದಲ್ಲಿಯೇ ಇದೆ. ಕರೆದುಕೊಂಡು ಹೋಗಿ ಕಿಂಡಿಯನ್ನು ತೋರಿಸುವ ಹೊಣೆ ಹಿರಿಯರದು.